ಕೈದಿಯ ಹೆಸರು ಬಯಲಿಗೆ, ಕಾವಲುಗಾರನ ಲೆಕ್ಕ ಕತ್ತಲೆಗೆ

ಸೆರೆಮನೆಯ ದಾಖಲೆ ಪುಸ್ತಕವನ್ನು ಸಾರ್ವಜನಿಕರಿಗೆ ತೆರೆದಿಡಬೇಕೆಂಬ ನಿಯಮ ಹುಟ್ಟಿಕೊಂಡದ್ದು ಕೈದಿಯ ಮುಖವನ್ನು ಊರಿಗೆ ತೋರಿಸಲಿಕ್ಕಲ್ಲ. ಕಾವಲುಗಾರನ ಕೈಯನ್ನು ಕಟ್ಟಿಹಾಕಲಿಕ್ಕೆ. ರಾತ್ರೋರಾತ್ರಿ ಮನುಷ್ಯನೊಬ್ಬನನ್ನು ಎತ್ತಿಕೊಂಡು ಹೋಗಿ, 'ಅವನು ನಮ್ಮ ಬಳಿ ಇಲ್ಲ' ಎಂದು ಹೇಳುವ ಅವಕಾಶ ಯಾವ ಅಧಿಕಾರಿಗೂ ಇರಬಾರದು ಎಂಬುದೇ ಅದರ ಮೂಲ ಉದ್ದೇಶ. ಆದರೆ ತನ್ನನ್ನು ಪಾರದರ್ಶಕತೆಯ ತವರೆಂದು ಕರೆದುಕೊಳ್ಳುವ ಅಮೆರಿಕದಲ್ಲಿ ಈ ಪುಸ್ತಕ ಇಂದು ತಲೆಕೆಳಗಾಗಿದೆ. ಬಡವನ ಬಂಧನದ ಚಿತ್ರ ಕ್ಷಣಮಾತ್ರದಲ್ಲಿ ಜಗತ್ತಿನ ಮುಂದೆ ಬರುತ್ತದೆ. ಸರಕಾರ ಅಡಗಿಸಬಯಸಿದವನ ಹೆಸರು ಮಾತ್ರ ಹೆಂಡತಿಗೂ ವಕೀಲನಿಗೂ ಸಿಗುವುದಿಲ್ಲ. ಇದು ಪಾರದರ್ಶಕತೆಯೇ? ಅಥವಾ ಅದರ ಹೆಸರಿನಲ್ಲಿ ನಡೆಯುತ್ತಿರುವ ವಂಚನೆಯೇ?

ಅಮೆರಿಕದಲ್ಲಿ ಮೂರು ಸಾವಿರಕ್ಕೂ ಅಧಿಕ ಕೌಂಟಿಗಳಿವೆ. ಇವುಗಳಲ್ಲಿ ಬಹುಪಾಲು ಗ್ರಾಮೀಣ ಪ್ರದೇಶಗಳು. ಜೋಳದ ಹೊಲ, ದನದ ಹುಲ್ಲುಗಾವಲು, ಒಂದು ನ್ಯಾಯಾಲಯದ ಕಟ್ಟಡ, ಅದರ ಪಕ್ಕದಲ್ಲೊಂದು ಜೈಲು - ಇಷ್ಟಿದ್ದರೆ ಅದೊಂದು ಕೌಂಟಿ ಕೇಂದ್ರ. ನಾವು ಎರಡಕ್ಕೂ ಜೈಲೆಂಬ ಒಂದೇ ಪದ ಬಳಸುತ್ತೇವಾದರೂ ಅಲ್ಲಿ ವ್ಯತ್ಯಾಸವಿದೆ. ದೀರ್ಘ ಶಿಕ್ಷೆ ಅನುಭವಿಸುವವರನ್ನು ರಾಜ್ಯ ಅಥವಾ ಕೇಂದ್ರ ಸರಕಾರದ ಬಂದೀಖಾನೆಗಳಲ್ಲಿ ಇರಿಸಲಾಗುತ್ತದೆ. ಕೌಂಟಿ ಜೈಲಿನಲ್ಲಿರುವವರಲ್ಲಿ ಹೆಚ್ಚಿನವರು ಈಗಷ್ಟೇ ಬಂಧಿತರಾದವರು, ಜಾಮೀನಿಗೆ ಹಣವಿಲ್ಲದವರು, ವಿಚಾರಣೆಗೆ ಕಾಯುತ್ತಿರುವವರು. ಈ ಜೈಲನ್ನು ನಡೆಸುವವನು ಸಾಮಾನ್ಯವಾಗಿ ಶೆರಿಫ್. ಆತ ಸರಕಾರಿ ಪರೀಕ್ಷೆ ಬರೆದು ನೇಮಕಗೊಂಡ ಅಧಿಕಾರಿಯಲ್ಲ. ಬಹುತೇಕ ರಾಜ್ಯಗಳಲ್ಲಿ ಜನರ ಮತದಿಂದ ಗೆದ್ದು ಬಂದವನು. ಮತ ಬೇಕಾದವನಿಗೆ 'ಇಷ್ಟು ಜನರನ್ನು ಹಿಡಿದೆ' ಎಂದು ತೋರಿಸುವ ಅಗತ್ಯವೂ ಇರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಬಂಧಿತನನ್ನು ಜೈಲಿಗೆ ತಂದಾಗ ನಡೆಯುವ ಮೊದಲ ಕ್ರಿಯೆಗೆ ಬುಕಿಂಗ್ ಎಂದು ಹೆಸರು. ಹೆಸರು, ವಯಸ್ಸು, ಆರೋಪ, ಬಂಧಿಸಿದ ಅಧಿಕಾರಿಯ ಇಲಾಖೆ, ಜಾಮೀನಿನ ಮೊತ್ತ - ಇವೆಲ್ಲ ದಾಖಲಾಗುತ್ತವೆ. ಬೆರಳಚ್ಚು ತೆಗೆಯಲಾಗುತ್ತದೆ. ಮೈಮೇಲಿದ್ದ ವಸ್ತುಗಳ ಪಟ್ಟಿ ಮಾಡಲಾಗುತ್ತದೆ. ಕೊನೆಗೆ ಗೋಡೆಗೆ ಒರಗಿಸಿ ಭಾವಚಿತ್ರ ತೆಗೆಯಲಾಗುತ್ತದೆ. ನಿದ್ದೆಗೆಟ್ಟ ಕಣ್ಣು, ಕೆದರಿದ ತಲೆ, ಭಯದಿಂದ ಬಿಳಿಚಿದ ಮುಖ. ಮನುಷ್ಯನ ಬದುಕಿನ ಅತ್ಯಂತ ಕೆಟ್ಟ ಗಳಿಗೆಯ ಈ ಚಿತ್ರವನ್ನು ಅಲ್ಲಿ ಮಗ್‌ಶಾಟ್ ಎನ್ನುತ್ತಾರೆ. ಅನೇಕ ಕೌಂಟಿಗಳಲ್ಲಿ ಇದು ಕೆಲವೇ ಗಂಟೆಗಳಲ್ಲಿ ಶೆರಿಫ್ ಕಚೇರಿಯ ಜಾಲತಾಣದ ಕೈದಿಗಳ ಪಟ್ಟಿಯಲ್ಲಿ ಪ್ರಕಟವಾಗುತ್ತದೆ. ಕೆಲವೆಡೆ ಸ್ಥಳೀಯ ವಾರಪತ್ರಿಕೆಯು ವಾರದ ಬಂಧನಗಳನ್ನು ಸಾಲಾಗಿ ಮುದ್ರಿಸುತ್ತದೆ. ಇನ್ನು ಕೆಲವು ಸಣ್ಣ ಕೌಂಟಿಗಳಲ್ಲಿ ಜೈಲಿಗೆ ದೂರವಾಣಿ ಮಾಡಿಯೇ ಕೇಳಬೇಕು.

ಇಲ್ಲಿಯವರೆಗೆ ಯಾರಿಗೂ ತಕರಾರಿರಬೇಕಾಗಿಲ್ಲ. ಮಗ ಮನೆಗೆ ಬಾರದ ರಾತ್ರಿ ತಾಯಿಯೊಬ್ಬಳು ಆತ ಎಲ್ಲಿದ್ದಾನೆಂದು ತಿಳಿಯುವುದು ಅವಳ ಹಕ್ಕು. ಆದರೆ ಈ ಪಟ್ಟಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡಿ. ಬುಕಿಂಗ್ ದಾಖಲೆಯೆಂದರೆ ಪೊಲೀಸನೊಬ್ಬನ ಸಂಶಯದ ದಾಖಲೆ, ಅಷ್ಟೇ. ಬಂಧನವಾಯಿತೆಂದ ಮಾತ್ರಕ್ಕೆ ಸರಕಾರಿ ವಕೀಲ ಆರೋಪ ಹೊರಿಸುತ್ತಾನೆಂದಿಲ್ಲ. ಆರೋಪ ಹೊರಿಸಿದ ಮಾತ್ರಕ್ಕೆ ಅದು ಸಾಬೀತಾಗುತ್ತದೆಂದೂ ಇಲ್ಲ. ಆರೋಪ ಬಿದ್ದುಹೋದರೆ ಆ ಸುದ್ದಿ ಎಲ್ಲಿರುತ್ತದೆ? ಶೆರಿಫನ ಪಟ್ಟಿಯಲ್ಲಲ್ಲ, ನ್ಯಾಯಾಲಯದ ಗುಮಾಸ್ತನ ಕಡತದಲ್ಲಿ. ಬಂಧನದ ಚಿತ್ರವನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಬಿಡುಗಡೆಯ ಕಾಗದಕ್ಕೆ ಬಹಳಷ್ಟು ಕಡೆ ಕಚೇರಿಯ ಮೆಟ್ಟಿಲು ಹತ್ತಿ, ಅರ್ಜಿ ಬರೆದು, ಶುಲ್ಕ ತೆರಬೇಕು. ಕಳಂಕ ಉಚಿತ, ದೋಷಮುಕ್ತಿಗೆ ಬೆಲೆ. ಇದೆಂತಹ ನ್ಯಾಯ?

ಇದು ಬೆರಳೆಣಿಕೆಯ ಜನರ ಸಮಸ್ಯೆಯೂ ಅಲ್ಲ. ಅಮೆರಿಕದ ನ್ಯಾಯ ಇಲಾಖೆಯದೇ ಅಂಕಿ-ಅಂಶಗಳ ಪ್ರಕಾರ 2023ರ ಮಧ್ಯಭಾಗದಲ್ಲಿ ಸ್ಥಳೀಯ ಜೈಲುಗಳಲ್ಲಿ ಸುಮಾರು 6 ಲಕ್ಷ 64 ಸಾವಿರ ಮಂದಿಯಿದ್ದರು. ಅವರಲ್ಲಿ ನೂರಕ್ಕೆ ಸುಮಾರು 70 ಮಂದಿಯ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಒಂದು ವರ್ಷದ ಅವಧಿಯಲ್ಲಿ ಈ ಜೈಲುಗಳ ಬಾಗಿಲು ದಾಟುವ ಪ್ರಕರಣಗಳು 70 ಲಕ್ಷವನ್ನು ಮೀರುತ್ತವೆ. ದೊಡ್ಡ ನಗರಗಳ ಜೈಲುಗಳು ಕುಗ್ಗುತ್ತಿದ್ದಾಗಲೂ ಹಳ್ಳಿಗಾಡಿನ ಕೌಂಟಿಗಳ ಜೈಲುಗಳು ಬೆಳೆಯುತ್ತಲೇ ಇದ್ದವು ಎಂಬುದನ್ನು ನ್ಯೂಯಾರ್ಕಿನ ವೇರಾ ಸಂಸ್ಥೆ 2017ರ ತನ್ನ ವರದಿಯಲ್ಲಿ ದಾಖಲಿಸಿದೆ. ಅದಕ್ಕೆ ಅದು ಎರಡು ಕಾರಣಗಳನ್ನು ಮುಂದಿಟ್ಟಿತು. ಒಂದು, ವಿಚಾರಣೆಗೆ ಮುನ್ನವೇ ಕೂಡಿಹಾಕುವ ಪ್ರವೃತ್ತಿ. ಇನ್ನೊಂದು, ಇತರ ಕೌಂಟಿಗಳ ಹಾಗೂ ಸರಕಾರಗಳ ಕೈದಿಗಳನ್ನು ದಿನವೊಂದಕ್ಕೆ ಇಷ್ಟೆಂದು ಹಣ ಪಡೆದು ಇರಿಸಿಕೊಳ್ಳುವ ವ್ಯವಹಾರ. ಜೈಲಿನ ಹಾಸಿಗೆ ಕೌಂಟಿಯ ಆದಾಯವಾದಾಗ ಖಾಲಿ ಹಾಸಿಗೆ ನಷ್ಟವೆಂದೇ ಕಾಣುತ್ತದೆ ಎಂದು ಬೇರೆ ಹೇಳಬೇಕೇ?

ತಪ್ಪು ದಾಖಲೆ ಗ್ರಾಮೀಣ ಕೌಂಟಿಯೊಂದರಲ್ಲಿ ಮನುಷ್ಯನನ್ನು ಏನು ಮಾಡಬಲ್ಲುದು ಎಂಬುದಕ್ಕೆ ಟೆಕ್ಸಾಸ್‌ನ ಗಿಲ್ಲೆಸ್ಪಿ ಕೌಂಟಿಯ ಪ್ರಕರಣ ಸಾಕ್ಷಿ. 2002ರ ಜುಲೈಯಲ್ಲಿ ಅಲ್ಲಿನ ಪೊಲೀಸರು ವಾಲ್ಟರ್ ರಾತ್‌ಗೆರಿ ಎಂಬವರನ್ನು ಬಂಧಿಸಿದರು. ಆರೋಪವೇನು? ಗಂಭೀರ ಅಪರಾಧಕ್ಕಾಗಿ ಶಿಕ್ಷೆಗೊಳಗಾದವನಾಗಿದ್ದೂ ಬಂದೂಕು ಇರಿಸಿಕೊಂಡದ್ದು. ಆಧಾರವೇನು? ಗಣಕಯಂತ್ರದಲ್ಲಿ ದೊರೆತ ಒಂದು ದಾಖಲೆ. ವಾಸ್ತವದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ಮೇಲಿದ್ದ ಹಳೆಯ ಆರೋಪ ವಜಾಗೊಂಡಿತ್ತು. ಅವರಿಗೆ ಅಂತಹ ಶಿಕ್ಷೆಯೇ ಆಗಿರಲಿಲ್ಲ. ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲ, ಸರಕಾರವೇ ನೇಮಿಸಲಿ ಎಂದು ಅವರು ಮತ್ತೆ ಮತ್ತೆ ಬೇಡಿದರು. ಯಾರೂ ಕಿವಿಗೊಡಲಿಲ್ಲ. 2003ರ ಜನವರಿಯಲ್ಲಿ ಅವರನ್ನು ಪುನಃ ಬಂಧಿಸಿ, ಜಾಮೀನು ಮೊತ್ತವನ್ನು 15 ಸಾವಿರ ಡಾಲರಿಗೆ ಏರಿಸಲಾಯಿತು. ಹಣವಿಲ್ಲದ ಅವರು ಮೂರು ವಾರ ಜೈಲಿನಲ್ಲಿ ಕಳೆದರು. ಕೊನೆಗೂ ವಕೀಲರೊಬ್ಬರು ದೊರೆತಾಗ ಮಾಡಿದ್ದಿಷ್ಟೇ: ಶಿಕ್ಷೆಯಾಗಿಲ್ಲವೆಂದು ತೋರಿಸುವ ಕಾಗದಗಳನ್ನು ತರಿಸಿ ಸರಕಾರಿ ವಕೀಲನ ಮುಂದಿಟ್ಟರು. ಪ್ರಕರಣ ಅಲ್ಲಿಗೆ ಮುಗಿಯಿತು. ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ ಗಳಿಗೆಯಿಂದಲೇ ವಕೀಲರ ನೆರವಿನ ಹಕ್ಕು ಅನ್ವಯಿಸುತ್ತದೆಂದು ಅಮೆರಿಕದ ಸುಪ್ರೀಮ್ ಕೋರ್ಟ್ 2008ರ ಜೂನ್‌ನಲ್ಲಿ ಎಂಟಕ್ಕೆ ಒಂದು ಮತದಿಂದ ತೀರ್ಪಿತ್ತಿತು. ಬಂಧನದಿಂದ ತೀರ್ಪಿನವರೆಗೆ ಆರು ವರ್ಷ. ಇಷ್ಟಕ್ಕೂ ಕಾರಣ ಅಳಿಸಬೇಕಾಗಿದ್ದ, ಆದರೆ ಅಳಿಸದ ಒಂದು ಸಾಲು!

ಅಳಿಸಿದ್ದನ್ನೂ ಉಳಿಸಿಕೊಳ್ಳುವ ಕೌಂಟಿಗಳಿವೆ. ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯು ತನ್ನ ಜೈಲಿನ ಕೈದಿಗಳನ್ನು ಹುಡುಕುವ ಸೌಲಭ್ಯವೊಂದನ್ನು ಅಂತರ್ಜಾಲದಲ್ಲಿ ತೆರೆಯಿತು. 1998ರಲ್ಲಿ ಬಂಧಿತನಾಗಿ, 2000ದಲ್ಲಿ ನ್ಯಾಯಾಲಯದ ಆದೇಶದಂತೆ ಬಂಧನದ ದಾಖಲೆಯನ್ನೇ ಅಳಿಸಿಹಾಕಿಸಿಕೊಂಡಿದ್ದ ವ್ಯಕ್ತಿಯೊಬ್ಬನ ಚಿತ್ರವೂ ವಿವರಗಳೂ ವರ್ಷಗಳ ಬಳಿಕ ಅದರಲ್ಲಿ ಪ್ರತ್ಯಕ್ಷವಾದವು. ಆತ ದಾವೆ ಹೂಡಿದ. ಆ ಜೈಲನ್ನು ಪ್ರವೇಶಿಸಿದ್ದ ಸುಮಾರು 67 ಸಾವಿರ ಮಂದಿಯ ಪರವಾಗಿ ಅದು ಸಾಮೂಹಿಕ ದಾವೆಯಾಯಿತು. 2019ರಲ್ಲಿ ಜ್ಯೂರಿಯು ತಲಾ ಒಂದು ಸಾವಿರ ಡಾಲರ್ ಪರಿಹಾರ ನೀಡಬೇಕೆಂದು ನಿರ್ಣಯಿಸಿತು. ಕೊನೆಗೆ ಕೌಂಟಿ ರಾಜಿಗೆ ಬಂತು. ಆದರೆ ಇಂತಹ ದಾವೆಗೆ ಬೇಕಾದ ವಕೀಲರು, ವರ್ಷಗಳು, ಸಹನೆ ಹಳ್ಳಿಯ ಎಷ್ಟು ಮಂದಿಗಿದೆ?

ಸಂವಿಧಾನವಾದರೂ ರಕ್ಷಿಸೀತೇ ಎಂದರೆ ಅಲ್ಲಿಯೂ ನಿರಾಶೆ. ಕೆಂಟಕಿಯ ಲೂಯಿವಿಲ್‌ನಲ್ಲಿ ಪೊಲೀಸರು ಅಂಗಡಿಗಳ್ಳರ ಚಿತ್ರಗಳಿರುವ ಕರಪತ್ರವನ್ನು ಸುಮಾರು 800 ವ್ಯಾಪಾರಿಗಳಿಗೆ ಹಂಚಿದ್ದರು. ಅದರಲ್ಲಿ ಬಂಧಿತನಾಗಿದ್ದ, ಆದರೆ ಶಿಕ್ಷೆಯಾಗದ ಒಬ್ಬನ ಚಿತ್ರವೂ ಇತ್ತು. ಅವನ ಮೇಲಿನ ಆರೋಪ ಮುಂದೆ ವಜಾಗೊಂಡಿತು. ಆತ ನ್ಯಾಯ ಬೇಡಿ ಹೋದಾಗ 1976ರಲ್ಲಿ ಪಾಲ್ ವಿರುದ್ಧ ಡೇವಿಸ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಬರಿಯ ಮಾನಹಾನಿಯು ಸಂವಿಧಾನದತ್ತ ಹಕ್ಕಿನ ಉಲ್ಲಂಘನೆಯಾಗದು ಎಂದು ಹೇಳಿತು. ಆ ಕರಪತ್ರ ಒಂದು ಊರಿನ ವ್ಯಾಪಾರಿಗಳ ಕೈಯಲ್ಲಷ್ಟೇ ಇತ್ತು. ಇಂದಿನ ಕರಪತ್ರಕ್ಕೆ ಊರೂ ಇಲ್ಲ, ಗಡಿಯೂ ಇಲ್ಲ, ಹರಿದು ಎಸೆಯುವ ದಿನವೂ ಇಲ್ಲ.

ಮಾನ ಎಲ್ಲಿ ಬೀದಿಗೆ ಬೀಳುತ್ತದೆಯೋ ಅಲ್ಲಿ ವ್ಯಾಪಾರಿ ಹಾಜರಾಗುತ್ತಾನೆ. ಶೆರಿಫರ ಪಟ್ಟಿಗಳಿಂದ ಚಿತ್ರಗಳನ್ನು ರಾಶಿ ರಾಶಿಯಾಗಿ ಹೆಕ್ಕಿ ತಮ್ಮ ತಾಣಗಳಲ್ಲಿ ಪ್ರಕಟಿಸಿ, 'ತೆಗೆಯಬೇಕಾದರೆ ಹಣ ಕೊಡು' ಎನ್ನುವ ದಂಧೆಯೊಂದು ಅಲ್ಲಿ ಬೆಳೆಯಿತು. ಜಾರ್ಜಿಯಾ ಮತ್ತು ಯೂಟಾ ರಾಜ್ಯಗಳು 2013ರಲ್ಲಿಯೇ ಇದರ ವಿರುದ್ಧ ಕಾನೂನು ತಂದವು. 2018ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಸರಕಾರವು ಇಂತಹದ್ದೇ ಒಂದು ತಾಣವನ್ನು ನಡೆಸುತ್ತಿದ್ದರೆನ್ನಲಾದ ನಾಲ್ವರ ಮೇಲೆ ಸುಲಿಗೆಯ ಮೊಕದ್ದಮೆ ಹೂಡಿತು. ಕುತ್ತಿಗೆಗೆ ಚಾಕು ಹಿಡಿದು ಹಣ ಕೇಳಿದರೆ ಸುಲಿಗೆ. ಮುಖಕ್ಕೆ ಕಳಂಕ ಹಚ್ಚಿ, ಒರೆಸಲು ಹಣ ಕೇಳಿದರೆ ಬೇರೇನು? ಆದರೆ ದಂಧೆಕೋರನನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಆತನಿಗೆ ಸರಕನ್ನು ಪ್ರತಿದಿನ ಪುಕ್ಕಟೆಯಾಗಿ ಪೂರೈಸುತ್ತಿದ್ದವರು ಯಾರು? ಸರಕಾರಿ ಕಚೇರಿಗಳೇ ಅಲ್ಲವೇ?

'ಹಾಗಾದರೆ ಪುಸ್ತಕವನ್ನು ಮುಚ್ಚಿಬಿಡೋಣ' ಎಂದು ಯಾರಾದರೂ ಹೇಳಬಹುದು. ಈ ಮಾತು ಕೇಳಲು ಮೃದುವಾಗಿದ್ದರೂ ಪರಿಣಾಮದಲ್ಲಿ ಇನ್ನಷ್ಟು ಅಪಾಯಕಾರಿ. 1993ರ ಡಿಸೆಂಬರ್‌ನಲ್ಲಿ ಅದೇ ಲೂಯಿವಿಲ್‌ನ ಮೇರಿ ಬೈರನ್ ಎಂಬ ಯುವತಿಯನ್ನು, ಆಕೆಯ ಮೇಲಿನ ದೌರ್ಜನ್ಯಕ್ಕಾಗಿ ಜೈಲು ಸೇರಿದ್ದ ಮಾಜಿ ಗೆಳೆಯನೇ ಕೊಂದ. ಅಂದು ಆಕೆಗೆ 21 ತುಂಬಿದ ದಿನ. ಆತ ಜಾಮೀನಿನಲ್ಲಿ ಹೊರಬಂದಿದ್ದನೆಂಬುದು ಆಕೆಗೆ ತಿಳಿದೇ ಇರಲಿಲ್ಲ. ಈ ಸಾವಿನಿಂದ ಪಾಠ ಕಲಿತು ಮರುವರ್ಷ ಅಲ್ಲಿನ ಕೌಂಟಿಯಲ್ಲಿ, ಕೈದಿಯ ಬಿಡುಗಡೆಯನ್ನು ಸಂತ್ರಸ್ತರಿಗೆ ತಾನಾಗಿಯೇ ತಿಳಿಸುವ ವೈನ್ ಎಂಬ ವ್ಯವಸ್ಥೆ ಆರಂಭವಾಯಿತು. ಇಂದು ಅದು ಅಮೆರಿಕದ ಹೆಚ್ಚಿನ ರಾಜ್ಯಗಳಿಗೆ ಹರಡಿದೆ. ತಿಳಿಯಬೇಕಾದವರಿಗೆ ತಿಳಿಸುವುದು ಹೇಗೆ ಜೀವ ಉಳಿಸಬಲ್ಲುದು ಎಂಬುದಕ್ಕೆ ಇದು ಉದಾಹರಣೆ. ಅಲ್ಲಿ ಬೇಕಾಗಿದ್ದುದು ಮಾಹಿತಿ. ಚಿತ್ರದ ಮೆರವಣಿಗೆಯಲ್ಲ.

ಪುಸ್ತಕವನ್ನು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮುಸ್ಲಿಮರು ಸ್ವತಃ ಅನುಭವಿಸಿದ್ದಾರೆ. 2001ರ ಸೆಪ್ಟಂಬರ್ 11ರ ದಾಳಿಯ ಬಳಿಕ ಅರಬ್ ಹಾಗೂ ದಕ್ಷಿಣ ಏಷ್ಯಾ ಮೂಲದ ನೂರಾರು ವಲಸಿಗರನ್ನು ಬಂಧಿಸಲಾಯಿತು. ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2003ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯು ಅಂತಹ 762 ಮಂದಿಯ ಬಂಧನವನ್ನು ಪರಿಶೀಲಿಸಿದೆ. ಇವರಲ್ಲಿ ಹಲವರನ್ನು ಇರಿಸಿದ್ದು ನ್ಯೂಜೆರ್ಸಿಯ ಕೌಂಟಿ ಜೈಲುಗಳಲ್ಲಿ. ಕೌಂಟಿ ಜೈಲಿನ ಅಧಿಕಾರಿ ಕೈದಿಗಳ ಹೆಸರಿರುವ ಪುಸ್ತಕವನ್ನು ಇರಿಸಬೇಕು, ಅದು ಸಾರ್ವಜನಿಕರ ನೋಟಕ್ಕೆ ಸಿಗಬೇಕು ಎಂಬ ಹಳೆಯ ಕಾನೂನು ಆ ರಾಜ್ಯದಲ್ಲಿತ್ತು. ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು ಇದನ್ನೇ ಆಧರಿಸಿ ನ್ಯಾಯಾಲಯಕ್ಕೆ ಹೋಯಿತು. ಹೆಸರುಗಳನ್ನು ಬಹಿರಂಗಪಡಿಸಬೇಕೆಂದು 2002ರ ಮಾರ್ಚ್‌ನಲ್ಲಿ ರಾಜ್ಯದ ನ್ಯಾಯಾಧೀಶರು ಆದೇಶಿಸಿದರು. ಫೆಡರಲ್ ಸರಕಾರ ಮಾಡಿದ್ದೇನು? ಮರು ತಿಂಗಳೇ ಹೊಸ ನಿಯಮವೊಂದನ್ನು ಹೊರಡಿಸಿತು: ವಲಸೆ ಇಲಾಖೆಯ ಪರವಾಗಿ ಇರಿಸಿಕೊಂಡ ಬಂಧಿತರ ಹೆಸರನ್ನು ಯಾವ ರಾಜ್ಯವೂ ಕೌಂಟಿಯೂ ಬಹಿರಂಗಪಡಿಸುವಂತಿಲ್ಲ! ಜೂನ್‌ನಲ್ಲಿ ಮೇಲಿನ ನ್ಯಾಯಾಲಯ ಸರಕಾರದ ಪರ ನಿಂತಿತು. ವಾಷಿಂಗ್ಟನ್‌ನಲ್ಲಿ ನಡೆದ ಇನ್ನೊಂದು ಪ್ರಕರಣದಲ್ಲಿ ಹೆಸರು ಕೊಡಬೇಕೆಂದು ಆದೇಶಿಸಿದವರು ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್. ಆ ಆದೇಶವನ್ನು 2003ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. 2004ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ಅದನ್ನು ಕೇಳಲೂ ಒಪ್ಪಲಿಲ್ಲ.

ವಿಪರ್ಯಾಸವನ್ನು ಗಮನಿಸಿ. ಬಂಧನ ಪುಸ್ತಕವನ್ನು ಸಾರ್ವಜನಿಕರಿಗೆ ತೆರೆದಿಡುವುದು ರಹಸ್ಯ ಬಂಧನವನ್ನು ತಡೆಯಲಿಕ್ಕೆ, ಅಂತಹ ಬಂಧನ ಪ್ರಜಾಪ್ರಭುತ್ವದ ಸಮಾಜಕ್ಕೆ ಅಸಹ್ಯವಾದುದು ಎಂದು 1969ರಲ್ಲಿ ತೀರ್ಪಿತ್ತದ್ದು ಅದೇ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ! ತತ್ವ ಹಳೆಯದಾಗಲಿಲ್ಲ. ಬಂಧಿತರ ಹೆಸರುಗಳು ಬದಲಾದವು, ಅಷ್ಟೇ.

2002ರ ಆ ನಿಯಮ ಇಂದಿಗೂ ಪುಸ್ತಕದಲ್ಲಿದೆ. ಅದರ ಅರ್ಥವೇನೆಂದು ಒಮ್ಮೆ ಯೋಚಿಸಿ. ಗ್ರಾಮೀಣ ಕೌಂಟಿಯೊಂದರ ಒಂದೇ ಜೈಲಿನ ಒಂದು ಕೋಣೆಯಲ್ಲಿ, ಕುಡಿದು ವಾಹನ ಚಲಾಯಿಸಿದನೆಂಬ ಆರೋಪದ ಕೂಲಿಕಾರನಿದ್ದಾನೆ. ಅವನ ಮುಖ ಜಗತ್ತಿಗೆ ಕಾಣುತ್ತದೆ. ಪಕ್ಕದ ಕೋಣೆಯಲ್ಲಿ ವಲಸೆ ಇಲಾಖೆ ತಂದಿರಿಸಿದ ಇನ್ನೊಬ್ಬನಿದ್ದಾನೆ. ಅವನ ಹೆಸರನ್ನು ಹೇಳಲು ಜೈಲರನಿಗೆ ಅನುಮತಿಯಿಲ್ಲ. ಯಾರಿಗೆ ಗೌಪ್ಯತೆ ಬೇಕೋ ಅವನಿಗೆ ಅದಿಲ್ಲ. ಯಾರನ್ನು ಲೋಕ ಕಾಣಬೇಕೋ ಅವನನ್ನು ಅಡಗಿಸಲಾಗಿದೆ. ನಿಜ, ವಲಸೆ ಬಂಧಿತರನ್ನು ಹುಡುಕಲು 2010ರಿಂದ ಒಂದು ಪ್ರತ್ಯೇಕ ಜಾಲತಾಣವಿದೆ. ಆದರೆ ಅದರಲ್ಲಿ ವಲಸೆ ಕಡತದ ಸಂಖ್ಯೆ ತಿಳಿದಿರಬೇಕು, ಇಲ್ಲವೇ ಇಲಾಖೆ ಬರೆದುಕೊಂಡ ರೀತಿಯಲ್ಲೇ ಹೆಸರನ್ನೂ ಹುಟ್ಟಿದ ದೇಶವನ್ನೂ ನಮೂದಿಸಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹತ್ತು ವಿಧವಾಗಿ ಬರೆಯಬಹುದೆಂಬುದು ಓದುಗರಿಗೆ ತಿಳಿಯದ್ದೇನಲ್ಲ.

ಆ ತಾಣವೂ ಎಷ್ಟು ವಿಶ್ವಾಸಾರ್ಹ? ಕೊಲಂಬಿಯಾ ವಿಶ್ವವಿದ್ಯಾನಿಲಯದ ಫೆಲೆಸ್ತೀನಿ ಪದವೀಧರ ಮಹ್ಮೂದ್ ಖಲೀಲ್‌ರನ್ನು 2025ರ ಮಾರ್ಚ್ 8ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಬಂಧಿಸಲಾಯಿತು. ಅವರು ಅಮೆರಿಕದಲ್ಲಿ ಶಾಶ್ವತ ವಾಸದ ಪರವಾನಿಗೆ ಹೊಂದಿದವರು. ವಕೀಲರು ಬೆಳಗಾಗುವ ಮೊದಲೇ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸುವಷ್ಟರಲ್ಲಿ ಅವರನ್ನು ನ್ಯೂಜೆರ್ಸಿಗೆ ಸಾಗಿಸಿಯಾಗಿತ್ತು. ಕೊನೆಗೆ ಅವರು ತಲುಪಿದ್ದು ಸಾವಿರಾರು ಕಿಲೋಮೀಟರ್ ದೂರದ ಲೂಸಿಯಾನದ ಜೆನಾ ಎಂಬ ಸಣ್ಣ ಊರಿನ ಬಂಧನ ಕೇಂದ್ರಕ್ಕೆ. ನ್ಯಾಯಾಧೀಶರ ಆದೇಶದಿಂದ ಹೊರಬಂದದ್ದು ಜೂನ್ 20ರಂದು. ಅದೇ ಮಾರ್ಚ್ 17ರಂದು ವರ್ಜೀನಿಯಾದ ತಮ್ಮ ಮನೆಯ ಬಳಿ ಬಂಧಿತರಾದವರು ನಮ್ಮದೇ ದೇಶದ ಬದರ್ ಖಾನ್ ಸೂರಿ, ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಸಂಶೋಧಕ. ಅವರನ್ನು ಲೂಸಿಯಾನಕ್ಕೂ ಅಲ್ಲಿಂದ ಟೆಕ್ಸಾಸ್‌ನ ಆಲ್ವರಾಡೊಗೂ ಸಾಗಿಸಲಾಯಿತು. ಮೇ 14ರಂದು ನ್ಯಾಯಾಲಯದ ಆದೇಶದಿಂದಲೇ ಅವರ ಬಿಡುಗಡೆಯಾಯಿತು. ಇವರ ಪರವಾಗಿ ವಿಶ್ವವಿದ್ಯಾನಿಲಯಗಳ ಸಹೋದ್ಯೋಗಿಗಳಿದ್ದರು, ಸಮರ್ಥ ವಕೀಲರಿದ್ದರು, ಪತ್ರಿಕೆಗಳಿದ್ದವು. ಇದಾವುದೂ ಇಲ್ಲದ ಹೋಟೆಲ್ ಕಾರ್ಮಿಕನನ್ನು ಹುಡುಕುವವರು ಯಾರು?

ತೆರೆದ ಪುಸ್ತಕದ ಹೊಗಳುಭಟರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಕೈದಿ ಒಳಗೆ ಬಂದದ್ದನ್ನು ಇಷ್ಟು ಉತ್ಸಾಹದಿಂದ ಪ್ರಕಟಿಸುವ ವ್ಯವಸ್ಥೆ, ಒಳಗೆ ಅವನಿಗೆ ಏನಾಯಿತೆಂಬುದನ್ನು ಅಷ್ಟೇ ಉತ್ಸಾಹದಿಂದ ಪ್ರಕಟಿಸುತ್ತದೆಯೇ? ಟೆಕ್ಸಾಸ್‌ನ ವಾಲರ್ ಕೌಂಟಿಯಲ್ಲಿ 2015ರ ಜುಲೈ 10ರಂದು ಸಾಂಡ್ರಾ ಬ್ಲಾಂಡ್ ಎಂಬ 28ರ ಹರೆಯದ ಕರಿಯ ಮಹಿಳೆಯ ಕಾರನ್ನು, ಪಥ ಬದಲಿಸುವಾಗ ಸೂಚನಾ ದೀಪ ಹಾಕಲಿಲ್ಲವೆಂದು ತಡೆಯಲಾಯಿತು. ಮಾತಿಗೆ ಮಾತು ಬೆಳೆದು ಬಂಧನದಲ್ಲಿ ಮುಗಿಯಿತು. ಜಾಮೀನು 5 ಸಾವಿರ ಡಾಲರ್. ಹೊರಬರಲು ತಕ್ಷಣ ಬೇಕಾಗಿದ್ದುದು ಅದರ ಹತ್ತನೇ ಒಂದು ಭಾಗ, ಸುಮಾರು 500 ಡಾಲರ್. ಮೂರನೆಯ ದಿನ, ಜುಲೈ 13ರ ಬೆಳಿಗ್ಗೆ, ಆಕೆ ಜೈಲಿನ ಕೋಣೆಯಲ್ಲಿ ಶವವಾಗಿ ಪತ್ತೆಯಾದಳು. ಅದು ಆತ್ಮಹತ್ಯೆಯೆಂದು ಅಧಿಕಾರಿಗಳು ಘೋಷಿಸಿದರು. ಕೈದಿಗಳನ್ನು ಗಂಟೆಗೊಮ್ಮೆ ಮುಖತಃ ಪರಿಶೀಲಿಸುವ ನಿಯಮವನ್ನು ಆ ಜೈಲು ಪಾಲಿಸಿರಲಿಲ್ಲವೆಂದು ರಾಜ್ಯದ ಜೈಲು ಆಯೋಗವೇ ಕಂಡುಕೊಂಡಿತು. ಆಕೆಯ ಬುಕಿಂಗ್ ಚಿತ್ರವನ್ನು ಜಗತ್ತೇ ನೋಡಿತು. ಕಾವಲುಗಾರ ಗಂಟೆಗೊಮ್ಮೆ ಇಣುಕಿದನೇ ಎಂಬ ಪುಸ್ತಕವನ್ನು ಸಮಯಕ್ಕೆ ಸರಿಯಾಗಿ ನೋಡಿದವರಾರು?

ಬಂಧನದಲ್ಲಿ ಸತ್ತವರ ವಿವರವನ್ನು ರಾಜ್ಯಗಳು ವರದಿ ಮಾಡಬೇಕೆಂಬ ಕಾನೂನು ಅಮೆರಿಕದಲ್ಲಿ 2000ದಲ್ಲಿಯೇ ಬಂತು. ಅದಕ್ಕೆ 2014ರಲ್ಲಿ ಹೊಸ ರೂಪ ನೀಡಲಾಯಿತು. ಆದರೆ 2021ರ ಹಣಕಾಸು ವರ್ಷವೊಂದರಲ್ಲೇ ಇಂತಹ ಕನಿಷ್ಠ 990 ಸಾವುಗಳು ನ್ಯಾಯ ಇಲಾಖೆಯ ಲೆಕ್ಕಕ್ಕೆ ಸಿಗದೆ ಹೋಗಿದ್ದವೆಂದು 2022ರಲ್ಲಿ ಸೆನೆಟಿನ ಉಪಸಮಿತಿಯೊಂದು ಬಯಲಿಗೆಳೆಯಿತು. ಬಂಧಿತನ ಮುಖವನ್ನು ಗಂಟೆಯೊಳಗೆ ಪ್ರಕಟಿಸಬಲ್ಲ ರಾಷ್ಟ್ರಕ್ಕೆ, ಬಂಧನದಲ್ಲಿ ಸತ್ತವನನ್ನು ವರ್ಷ ಕಳೆದರೂ ಎಣಿಸಲಾಗುವುದಿಲ್ಲ! ಇದು ತಂತ್ರಜ್ಞಾನದ ಕೊರತೆಯೆಂದು ಯಾರಾದರೂ ನಂಬುವರೇ?

ಈ ಚರ್ಚೆ ನಮಗೇಕೆ ಎಂದು ಕೇಳುವವರಿದ್ದಾರೆ. ನಮಗೇಕೆಂದರೆ, ಅದೇ ಪುಸ್ತಕ ಈಗ ನಮ್ಮ ಠಾಣೆಗಳ ಗೋಡೆಯ ಮೇಲೂ ತೆರೆದುಕೊಂಡಿದೆ. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ನಮ್ಮ ಸುಪ್ರೀಮ್ ಕೋರ್ಟ್ ಬಂಧನದ ವೇಳೆ ಪಾಲಿಸಬೇಕಾದ ಹನ್ನೊಂದು ನಿರ್ದೇಶನಗಳನ್ನು ನೀಡಿತು. ಬಂಧನದ ಮಹಜರಿಗೆ ಸಾಕ್ಷಿ ಬೇಕು, ಬಂಧುವಿಗೆ ತಿಳಿಸಬೇಕು, ಜಿಲ್ಲಾ ನಿಯಂತ್ರಣ ಕೊಠಡಿಯ ಸೂಚನಾ ಫಲಕದಲ್ಲಿ ಬಂಧನದ ವಿವರವಿರಬೇಕು ಎಂಬುವು ಅವುಗಳಲ್ಲಿ ಸೇರಿವೆ. ಅವು ಹುಟ್ಟಿದ್ದು ಠಾಣೆಗಳಲ್ಲಿ ನಡೆಯುತ್ತಿದ್ದ ಸಾವುಗಳ ನೋವಿನಿಂದ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದಿದೆ. ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಅದು ಡಿಜಿಟಲ್ ರೂಪದಲ್ಲೂ ಇರಬಹುದು ಎಂದು ಅದು ಹೇಳುತ್ತದೆ. ಕರ್ನಾಟಕಕ್ಕೂ ಇದು ಅನ್ವಯ. ಬಂಧುವಿಗೆ ತಿಳಿಸಬೇಕೆಂಬ ರಕ್ಷಣೆ, ಬೀದಿಗೆ ವಿಳಾಸ ತಿಳಿಸುವ ಆಯುಧವಾಗಲು ಇನ್ನೆಷ್ಟು ದೂರ? ವಿಳಾಸವೆಂದರೆ ಬಂಧಿತನದು ಮಾತ್ರವಲ್ಲ. ಅಲ್ಲಿ ಅವನ ತಾಯಿಯಿದ್ದಾಳೆ, ಶಾಲೆಗೆ ಹೋಗುವ ಮಗಳಿದ್ದಾಳೆ. 2022ರ ಕೊನೆಯಲ್ಲಿ ಭಾರತದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರವೇ ಹೇಳಿರುವಾಗ, ಫಲಕದ ಮೇಲೆ ಬರುವ ಹೆಸರುಗಳು ಯಾರವು ಎಂಬುದನ್ನು ಊಹಿಸಬಹುದು.

ಪೊಲೀಸರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿ ನಿಲ್ಲಿಸಿದವರ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿ, ಹತ್ತು ವರ್ಷಗಳ ಬಳಿಕದ ಬಿಡುಗಡೆಯನ್ನು ಒಳಪುಟದ ಮೂಲೆಗೆ ತಳ್ಳುವ ಪತ್ರಿಕೆಗಳನ್ನು ನಾವು ಬಹಳ ಟೀಕಿಸಿದ್ದೇವೆ. ಆ ಟೀಕೆ ನ್ಯಾಯವೇ. ಆದರೆ ಊರಿನಲ್ಲಿ ಯಾರದೋ ಮಗ ಕಳವಿನ ಆರೋಪದಲ್ಲೋ ಗಾಂಜಾ ಪ್ರಕರಣದಲ್ಲೋ ಬಂಧಿತನಾದಾಗ, ಅವನ ಚಿತ್ರವನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸುವ ಕೈಗಳು ಯಾರವು? ಆರೋಪಿ ನಮ್ಮವನಾದಾಗ 'ಆರೋಪವಷ್ಟೇ' ಎನ್ನುವ ನಾಲಗೆ, ಬೇರೆಯವನಾದಾಗ 'ಅಪರಾಧಿ' ಎನ್ನುವುದಾದರೆ ನಮಗೂ ಆ ಪತ್ರಿಕೆಗಳಿಗೂ ಏನು ವ್ಯತ್ಯಾಸ? ನ್ಯಾಯಕ್ಕೆ ಎರಡು ತಕ್ಕಡಿಗಳಿರಲಾರವು.

ಪರಿಹಾರ ಇಲ್ಲವೆಂದಲ್ಲ. ಅದಕ್ಕೆ ಹೊಸ ತತ್ವವೂ ಬೇಕಾಗಿಲ್ಲ. ಹಳೆಯ ತತ್ವವನ್ನು ಅದರ ಸ್ಥಾನದಲ್ಲಿ ಮರಳಿ ಇರಿಸಿದರೆ ಸಾಕು. ಮೊದಲನೆಯದಾಗಿ, ಬಂಧಿತನೆಲ್ಲಿದ್ದಾನೆ ಎಂದು ಹುಡುಕುವ ಬಂಧುವಿಗೂ ವಕೀಲನಿಗೂ ಸಂತ್ರಸ್ತನಿಗೂ ತಕ್ಷಣ ಉತ್ತರ ಸಿಗಬೇಕು. ವಲಸಿಗನೇ ಇರಲಿ, ಪ್ರಜೆಯೇ ಇರಲಿ, ಯಾವ ಹೆಸರಿಗೂ ಇದರಿಂದ ವಿನಾಯಿತಿ ಇರಕೂಡದು. ಎರಡನೆಯದಾಗಿ, ಅಪರಾಧ ಸಾಬೀತಾಗುವವರೆಗೆ ಚಿತ್ರದ ಪ್ರದರ್ಶನ ಸಲ್ಲದು. ಬಂಧನದ ಚಿತ್ರದಲ್ಲಿ ವ್ಯಕ್ತಿಯ ಖಾಸಗಿತನದ ಹಿತವಿದೆಯೆಂದು ಸಿನ್ಸಿನಾಟಿಯ ಫೆಡರಲ್ ಮೇಲ್ಮನವಿ ನ್ಯಾಯಾಲಯ, ತನ್ನದೇ 1996ರ ತೀರ್ಪನ್ನು ಬದಿಗಿಟ್ಟು, 2016ರಲ್ಲಿ ಒಪ್ಪಿದೆ. ಹಿಂಸಾತ್ಮಕವಲ್ಲದ ಅಪರಾಧಗಳ ಆರೋಪಿಗಳ ಬುಕಿಂಗ್ ಚಿತ್ರವನ್ನು ಪೊಲೀಸರು ಸಾಮಾಜಿಕ ಮಾಧ್ಯಮದಲ್ಲಿ ಹಾಕದಂತೆ 2021ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿದೆ. ಅಂದರೆ ಇದು ಆಗದ ಕೆಲಸವಲ್ಲ. ಮೂರನೆಯದಾಗಿ, ಆರೋಪ ಬಿದ್ದುಹೋದ ದಿನವೇ ದಾಖಲೆಯೂ ಬೀಳಬೇಕು. ಅದನ್ನು ಅಳಿಸುವ ಹೊಣೆ ಬರೆದವನದಾಗಬೇಕು, ಬರೆಸಿಕೊಂಡವನದಲ್ಲ.

ನಾಲ್ಕನೆಯದಾಗಿ, ಕಾವಲುಗಾರನ ಲೆಕ್ಕವನ್ನು ತೆರೆಯಿರಿ. ಎಷ್ಟು ಗಂಟೆಗೆ ಹಿಡಿದಿರಿ, ಎಷ್ಟು ಗಂಟೆಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದಿರಿ, ವಕೀಲ ಎಂದು ಬಂದ, ವೈದ್ಯ ಎಂದು ನೋಡಿದ, ಒಳಗೆ ಎಷ್ಟು ಮಂದಿ ಸತ್ತರು - ಪ್ರಕಟವಾಗಬೇಕಾದುದು ಈ ಪುಸ್ತಕ. ಇದರಲ್ಲಿ ಕೈದಿಯ ಹೆಸರನ್ನು ಮುಚ್ಚಿಟ್ಟರೂ ನಷ್ಟವಿಲ್ಲ. ಅಧಿಕಾರಿಯ ಹೆಸರು ಮಾತ್ರ ಇರಲೇಬೇಕು.

'ತಪ್ಪು ಮಾಡದವನಿಗೆ ಭಯವೇಕೆ?' ಎಂದು ಬಂಧಿತನನ್ನು ಕೇಳುವುದು ಆಡಳಿತದ ಹಳೆಯ ರೂಢಿ. ಆ ಪ್ರಶ್ನೆಯನ್ನು ಒಮ್ಮೆ ಬೀಗದ ಕೈ ಹಿಡಿದವನತ್ತ ತಿರುಗಿಸೋಣ. ಜೋಳದ ಹೊಲಗಳ ನಡುವಿನ ಅಮೆರಿಕದ ಕೌಂಟಿ ಜೈಲೇ ಇರಲಿ, ನಮ್ಮ ಹೋಬಳಿಯ ಪೊಲೀಸ್ ಠಾಣೆಯೇ ಇರಲಿ, ಉತ್ತರಿಸಬೇಕಾದವನು ಅವನೇ.